ಇಪ್ಪತ್ತೆರಡು ಸುತ್ತು

ಇಪ್ಪತ್ತೊಂಬತ್ತು ವರ್ಷ ಪುರಸಭೆಯ ನೀರು ಬಿಟ್ಟವನನ್ನು ಜನ ನೀರಣ್ಣ ಎನ್ನದೆ ಇನ್ನೇನು ಎನ್ನುತ್ತಾರೆ? ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೆಳಗಿನ ಐದೂವರೆಗೆ ಎದೆಯೆತ್ತರದ, ಅಡ್ಡ ಹಿಡಿಕೆಯ ಕಬ್ಬಿಣದ ಚಾವಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಡುವನು. ಬೀದಿಯ ಮೂಲೆಯ ಗುಂಡಿಯ ಮುಚ್ಚಳ ತೆಗೆದು, ಚಾವಿ ಇಳಿಸಿ, ವಾಲ್ವು ತಿರುಗಿಸುವನು. ಯಾವ ಬೀದಿಗೆ ಎಷ್ಟು ಸುತ್ತು ಎಂಬುದು ಅವನ ತಲೆಯಲ್ಲಿ ಬಿಟ್ಟರೆ ಎಲ್ಲೂ ಬರೆದಿರಲಿಲ್ಲ. ಮೂರನೇ ಬೀದಿ ಏರಿನಲ್ಲಿದೆ, ಅದಕ್ಕೆ ಇಪ್ಪತ್ತೆರಡು. ಕಡಿಮೆಯಾದರೆ ಕೊನೆಯ ಮನೆಗೆ ನೀರು ಹತ್ತದು. ಆ ಕೊನೆಯ ಮನೆ ಅವನ ಅಕ್ಕನದು.

ಆ ಸಲದ ಚುನಾವಣೆಗೆ ಐದು ಪಕ್ಷ ನಿಂತಿದ್ದವು. ಇಪ್ಪತ್ತಮೂರು ಸೀಟು ಹರಿದು ಹಂಚಿಹೋಗಿ ಯಾರಿಗೂ ಬಹುಮತ ಬರಲಿಲ್ಲ. ನೀರಣ್ಣನ ವಾರ್ಡಿನಲ್ಲಿ ಕತ್ತರಿ ಗುರುತಿನವನು ನಲವತ್ತೊಂದು ಓಟಿನಲ್ಲಿ ಗೆದ್ದ. ಗೆದ್ದವನು ಸಿಹಿ ಹಂಚಿ ಸುಮ್ಮನಿರಬೇಕಿತ್ತು. ಆದರೆ ಬೂತ್‌ವಾರು ಎಣಿಕೆಯ ಪಟ್ಟಿ ಕೈಗೆ ಸಿಗುತ್ತದಲ್ಲ, ಯಾವ ಬೀದಿ ಯಾರಿಗೆ ಹಾಕಿತು ಎಂಬುದು ಅಂಗೈ ನೆಲ್ಲಿಕಾಯಿ. ಮೂರನೇ ಬೀದಿ ಬುಟ್ಟಿ ಗುರುತಿಗೆ ಓಟು ಸುರಿದಿತ್ತು. ಗುಪ್ತ ಮತದಾನವಂತೆ, ಯಾವ ಸೌಭಾಗ್ಯದ ಗುಟ್ಟೋ!

ವಾರ ಕಳೆಯುವುದರೊಳಗೆ ಹೊಸ ಸದಸ್ಯ ನೀರಣ್ಣನನ್ನು ಮನೆಗೆ ಕರೆಸಿದ. ಅಷ್ಟರಲ್ಲಾಗಲೇ ಆ ಮನೆಯೊಂದಕ್ಕೇ ಮುಖ್ಯ ಕೊಳವೆಯಿಂದ ಬೇರೆ ಲೈನು ಎಳೆದಾಗಿತ್ತು.

"ಮೂರನೇ ಬೀದಿಗೆ ಬಿಡೋದ್ರಲ್ಲಿ ಕಾಲು ಭಾಗ ಬಿಡು ಸಾಕು. ಬುಟ್ಟಿ ಹಿಡಿದೋರು ಬುಟ್ಟೀಲೇ ನೀರು ಹಿಡೀಲಿ."

"ಸಾರ್, ಮಕ್ಕಳು ಮರಿ ಇರೋ ಬೀದಿ..."

"ನಿನಗೆ ರಿಟೈರ್ ಆಗೋಕೆ ಎಷ್ಟು ದಿನ ಇದೆ?"

"ಎಂಟು ತಿಂಗಳು."

"ನೆಟ್ಟಗೆ ಮುಗಿಸ್ಕೋ."

ನೀರಣ್ಣ ಹೇಳಿದಂತೆ ಮಾಡಿದ. ಇದನ್ನು ಮುಚ್ಚಿಟ್ಟು ಅವನನ್ನು ಹೊಗಳಿದರೆ ಸುಳ್ಳಾಗುತ್ತದೆ. ಐದೇ ಸುತ್ತು ತಿರುಗಿಸಿ, ಮುಚ್ಚಳ ಎಳೆದು, ಯಾರ ಮುಖವನ್ನೂ ನೋಡದೆ ಸೈಕಲ್ಲು ತುಳಿದ. ಕೇಳಿದವರಿಗೆ ಪೈಪು ಕಟ್ಟಿಕೊಂಡಿದೆ ಎಂದ.

ಹನ್ನೆರಡನೆಯ ದಿನ ಅಕ್ಕನ ಮನೆಗೆ ಹೋದ. ಭಾವ ಪಾರ್ಶ್ವವಾಯು ಬಡಿದು ಎರಡು ವರ್ಷದಿಂದ ಹಾಸಿಗೆ ಹಿಡಿದವರು. ದಿನಕ್ಕೆ ಮೂರು ಸಲ ಅವರ ಬಟ್ಟೆ, ದುಪ್ಪಟಿ ಒಗೆಯಬೇಕು. ಅರವತ್ತೇಳು ವರ್ಷದ ಅಕ್ಕ ಕೆಳಗಿನ ಬೀದಿಯಿಂದ ಕೊಡ ಹೊತ್ತು ಏರು ಹತ್ತಿ ಬರುತ್ತಿದ್ದಳು. ಕೊಡ ಇಳಿಸಿ ತಮ್ಮನನ್ನೇ ದಿಟ್ಟಿಸಿದಳು.

"ಪೈಪು ಕಟ್ಕೊಂಡಿದೆ ಅಂತ ಊರಿಗೆ ಹೇಳು. ನಿನ್ನ ಎತ್ತಿ ಆಡಿಸಿದೋಳು ನಾನು, ನನ್ನ ಹತ್ರ ಬೇಡ. ನಾವು ಯಾರಿಗೋ ಓಟು ಹಾಕಿದ್ವಿ ಅಂತ ನಿಮ್ಮ ಭಾವನ ಹಾಸಿಗೆ ನಾರಬೇಕೇನೋ?"

ನೀರಣ್ಣ ಇನ್ನೊಂದು ಕೊಡ ತೆಗೆದುಕೊಂಡು ಇಳಿದುಹೋಗಿ ತುಂಬಿ ತಂದಿಟ್ಟ. ಊರಿಗೆಲ್ಲ ನೀರು ಬಿಡುವವನು ಅಕ್ಕನಿಗೆ ಕೊಟ್ಟದ್ದು ಹೊತ್ತು ತಂದ ಒಂದು ಕೊಡ.

ಅದೇ ಸಂಜೆ ಸುದ್ದಿ ಬಂತು. ಪುರಸಭೆ ಹಿಡಿಯಲು ಕತ್ತರಿಯೂ ಬುಟ್ಟಿಯೂ ಒಂದಾಗಿದ್ದವು, ನಮ್ಮ ಸದಸ್ಯನಿಗೆ ಉಪಾಧ್ಯಕ್ಷನ ಕುರ್ಚಿ. ಬುಟ್ಟಿಯವರನ್ನು ಕಳ್ಳರೆಂದು ಬೈದ ಬಾಯಲ್ಲೇ ಒಡಹುಟ್ಟಿದವರು ಎಂದ. ಎಲುಬಿಲ್ಲದ ನಾಲಿಗೆ, ಎತ್ತ ಬೇಕಾದರೂ ಹೊರಳುತ್ತದೆ. ಅವನ ಮಹಡಿಯ ಮೇಲೆ ಎರಡೂ ಬಾವುಟ ಹಾರಿದವು. ಮೂರನೇ ಬೀದಿಯ ಶಿಕ್ಷೆಯನ್ನು ತೆಗೆಯಲು ಮಾತ್ರ ಯಾರಿಗೂ ನೆನಪಾಗಲಿಲ್ಲ.

ನೀರಣ್ಣನಿಗೆ ಅಂಗಾಲಿನ ಉರಿ ನೆತ್ತಿಗೇರಿತು. ಕುರ್ಚಿ ಹಂಚಿಕೊಳ್ಳುವಾಗ ಅವರವರು ಅಣ್ಣತಮ್ಮಂದಿರು, ಕೊಡ ಹೊರುವುದಕ್ಕೆ ತನ್ನ ಅಕ್ಕ! ಬೆಳಗ್ಗೆ ಮೂರನೇ ಬೀದಿಗೆ ಇಪ್ಪತ್ತೆರಡು ಸುತ್ತು ಬಿಟ್ಟ. ಅಲ್ಲಿಂದ ನೇರ ಹೋಗಿ ಉಪಾಧ್ಯಕ್ಷನ ಒಂಟಿ ಲೈನಿನ ವಾಲ್ವನ್ನು ಬಿಗಿದು ಬಂದ. ಏಳು ಗಂಟೆಗೆ ಫೋನು.

"ಏಯ್, ನಮ್ಮನೇಲಿ ನೀರಿಲ್ಲ!"

"ನಿಮ್ದೇ ಆರ್ಡರು ಸಾರ್. ಬುಟ್ಟಿ ಹಿಡಿದೋರು ಬುಟ್ಟೀಲೇ ನೀರು ಹಿಡೀಲಿ ಅಂದಿದ್ರಿ. ನಿಮ್ಮ ಮಹಡಿ ಮೇಲೆ ಬುಟ್ಟಿ ಬಾವುಟ ನೋಡಿದೆ."

ಮಧ್ಯಾಹ್ನಕ್ಕೆ ವರ್ಗದ ಕಾಗದ ಬಂತು. ಊರಾಚೆಯ ಪಂಪ್‌ಹೌಸಿಗೆ. ಸಂಜೆ ಹೊಸಬನಿಗೆ ಚಾವಿ ಒಪ್ಪಿಸುವಾಗ ನೀರಣ್ಣ ಅವನನ್ನು ಮೂರನೇ ಬೀದಿಯ ಗುಂಡಿಯ ಬಳಿಗೇ ಕರೆದೊಯ್ದ. ಬಾಗಿಲುಗಳಲ್ಲಿ ನಿಂತವರಿಗೆಲ್ಲ ಕೇಳುವಂತೆ ಕೂಗಿದ:

"ಈ ಬೀದಿಗೆ ಇಪ್ಪತ್ತೆರಡು ಸುತ್ತು! ಪೈಪು ಯಾವತ್ತೂ ಕಟ್ಕೊಂಡಿರಲಿಲ್ಲ. ನಾನೇ ಐದಕ್ಕೆ ನಿಲ್ಲಿಸ್ತಿದ್ದೆ. ಹೆದರ್ಕೊಂಡು ಮಾಡ್ದೆ. ತಪ್ಪು ನಂದು."

ಕೆಲವರು ಬಾಯಿಗೆ ಬಂದಂತೆ ಬೈದರು. ನಿಂತು ಬೈಸಿಕೊಂಡ.

ಮರುದಿನ ಐದೂವರೆಗೆ ಹೊಸಬ ಮುಚ್ಚಳ ತೆಗೆದಾಗ ಬೀದಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಗುಂಡಿಯ ಸುತ್ತ ನಿಂತಿದ್ದರು. ಒಂದೊಂದು ಸುತ್ತನ್ನೂ ಗಟ್ಟಿಯಾಗಿ ಎಣಿಸಿದರು. ಅವನ ಕಿವಿಯನ್ನೂ ಯಾರೋ ಕಚ್ಚಿದ್ದರು ಎಂದು ಕಾಣುತ್ತದೆ, ಐದಕ್ಕೆ ಕೈ ನಿಲ್ಲಿಸಿದ. ಅಕ್ಕ ಕೊಡ ಕೆಳಗಿಟ್ಟು ಮುಂದೆ ಬಂದು ಚಾವಿಯ ಹಿಡಿಕೆಯ ಇನ್ನೊಂದು ತುದಿಗೆ ಕೈ ಹಾಕಿದಳು.

"ತಿರುಗಿಸಪ್ಪ," ಎಂದಳು. "ಆರು."