ಹುಲಿ ಕೈ ಎತ್ತಿದಾಗ

ನಾನು ಬಳ್ಳಾರಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಾಗ ನಡೆದದ್ದು ಇದು. ಈಗ ನಾಲ್ಕು ವರ್ಷವಾಯಿತು. ಮಾರ್ಚ್ ತಿಂಗಳ ಕೊನೆಯ ವಾರ ಸಿರುಗುಪ್ಪದ ಒಂದು ಕಾಲೇಜಿನಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯಾವಳಿ ಇತ್ತು.

ನಮ್ಮ ತಂಡದಲ್ಲಿ ಏಳು ಜನ ಇದ್ದೆವು. ಹಾಗೆ ಹೇಳಿಕೊಳ್ಳುತ್ತಿದ್ದೆವು ಅಷ್ಟೆ. ನಿಜವಾಗಿ ಆಡುತ್ತಿದ್ದವಳು ಒಬ್ಬಳೇ, ದೇಶನೂರಿನ ಹುಲಿಗೆಮ್ಮ. ನಮಗೆಲ್ಲರಿಗಿಂತ ಒಂದು ಗೇಣು ಎತ್ತರ. ಗದ್ದೆಯ ಬದುವಿನ ಮೇಲೆ ಓಡಾಡಿ ಬೆಳೆದವಳಾದ್ದರಿಂದಲೋ ಏನೋ, ಎಷ್ಟೇ ಇಕ್ಕಟ್ಟಿನಲ್ಲಿ ನುಗ್ಗಿದರೂ ಹೆಜ್ಜೆ ತಪ್ಪುತ್ತಿರಲಿಲ್ಲ. ಹೆಸರನ್ನು ಅರ್ಧಕ್ಕೆ ಕತ್ತರಿಸಿ ಎಲ್ಲರೂ 'ಹುಲಿ' ಅನ್ನುತ್ತಿದ್ದರು. ನಮ್ಮ ದೈಹಿಕ ಶಿಕ್ಷಣದ ಪಿ.ಡಿ. ಸರ್ ಹೇಳಿಕೊಟ್ಟ ತಂತ್ರವೂ ಅದೇ ಹೆಸರಿನಲ್ಲಿ ಮುಗಿಯುತ್ತಿತ್ತು. "ಏನೂ ತಿಳೀಲಿಲ್ಲಂದ್ರ ಹುಲಿಗಿ ಕೊಡ್ರವಾ. ತಿಳಿದ್ರೂ ಹುಲಿಗೇ ಕೊಡ್ರಿ."

ಅವಳು ಕೈ ಎತ್ತಿದರೆ ಚೆಂಡು ಕೊಡಬೇಕು. ಅದೊಂದೇ ನಿಯಮ.

"ನಾವು ಪೋಸ್ಟ್‌ಮನ್‌ಗಳು. ಬಂದ ಟಪಾಲು ಅಕಿಗಿ ಮುಟ್ಟಸೋದಷ್ಟ ನಮ್ಮ ಕೆಲಸ" ಎಂದು ಶಬಾನಾ ನಗುತ್ತಿದ್ದಳು. ಅವಳು ನನ್ನ ಕ್ಲಾಸಿನವಳು, ತಂಡದ ಬಾಯಿ.

ಹುಲಿಗೆಮ್ಮನಿಗೆ ಇದು ಇಷ್ಟವಿರಲಿಲ್ಲ. ಒಮ್ಮೆ ಪ್ರಾಕ್ಟೀಸ್ ಮುಗಿದ ಮೇಲೆ ನನಗೆ ಹೇಳಿದ್ದಳು. "ಏ ಪಂಪಾ, ನೀನೂ ಬುಟ್ಟಿಗೆ ಒಗೀಲೇ. ನಿನ್ನ ಕೈ ಛಲೋ ಐತಿ."

"ನಾ ಒಗದು ತಪ್ಪಿದ್ರ ಸರ್ ನನ್ನ ಅಲ್ಲಿಂದಾನ ಕುರುಗೋಡು ಬಸ್ಸಿಗೆ ಹತ್ತಸ್ತಾರ" ಎಂದೆ. ಕುರುಗೋಡು ನನ್ನೂರು. ಇಬ್ಬರೂ ನಕ್ಕೆವು. ಆದರೆ ಆ ವರ್ಷವಿಡೀ ನಾನು ಬುಟ್ಟಿಗೆ ಒಂದು ಚೆಂಡನ್ನೂ ಎಸೆಯಲಿಲ್ಲ. ಎಸೆಯದಿದ್ದರೆ ತಪ್ಪುವ ಭಯವೇ ಇಲ್ಲ. ಆ ಸುಖಕ್ಕೆ ನಾವೆಲ್ಲ ಒಗ್ಗಿಹೋಗಿದ್ದೆವು.

ಸಿರುಗುಪ್ಪದ ಪಂದ್ಯಕ್ಕೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ಮಾಡುವವರು ಬರುತ್ತಾರೆಂದು ಸುದ್ದಿಯಿತ್ತು. ಹುಲಿಗೆಮ್ಮನಿಗೆ ಮುಂದೆ ಬಿ.ಪಿ.ಎಡ್. ಓದಿ ತಾನೇ ಪಿ.ಡಿ. ಆಗುವ ಆಸೆ. ಮನೆಯಲ್ಲಿ ಡಿಗ್ರಿ ಮುಗಿದರೆ ಸಾಕು ಅನ್ನುತ್ತಿದ್ದರು. ಆಯ್ಕೆಯಾದರೆ ಮಾತ್ರ ಅವರನ್ನು ಒಪ್ಪಿಸಬಹುದಿತ್ತು. ದೇಶನೂರು ಹತ್ತಿರವೇ ಆದ್ದರಿಂದ ಅವಳ ತಾಯಿ ಮೊದಲ ಸಲ ಮಗಳ ಆಟ ನೋಡಲು ಬಂದಿದ್ದರು. ಸೆರಗು ತಲೆಯ ಮೇಲೆ ಎಳೆದುಕೊಂಡು ಬೇವಿನ ಮರದ ಕೆಳಗೆ ಕುಳಿತಿದ್ದರು.

ಬೆಳಿಗ್ಗೆ ಸೆಮಿಫೈನಲ್ ಗೆದ್ದೆವು. ಮೂವತ್ತೆಂಟರಲ್ಲಿ ಮೂವತ್ತು ಅಂಕ ಹುಲಿಗೆಮ್ಮನವು. ಫೈನಲ್ ಸಂಜೆ ಐದಕ್ಕೆಂದು ಹೇಳಿದ್ದರು. ಮುಖ್ಯ ಅತಿಥಿಗೆ ಬೇರೆ ಕಡೆ ಹೋಗಬೇಕಿದೆಯೆಂದು ಮಧ್ಯಾಹ್ನ ಎರಡಕ್ಕೇ ಶುರು ಮಾಡಿದರು. ನಮ್ಮ ಕಡೆಯ ಮಾರ್ಚ್ ಬಿಸಿಲು ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಸಿಮೆಂಟಿನ ಅಂಕಣದ ಕಾವು ಬೂಟಿನ ಅಟ್ಟೆ ದಾಟಿ ಪಾದಕ್ಕೆ ತಾಗುತ್ತಿತ್ತು.

ಆಟಕ್ಕೆ ಮುಂಚೆ ನೀರಿನ ಟ್ಯಾಂಕಿನ ಹಿಂದೆ ಹುಲಿಗೆಮ್ಮ ವಾಂತಿ ಮಾಡುತ್ತಿದ್ದದ್ದನ್ನು ನಾನು ನೋಡಿದೆ.

"ಏನಾತಲೇ?"

"ಏನಿಲ್ಲ. ಮಜ್ಜಿಗಿ ಹುಳಿ ಇತ್ತು. ಸರ್‌ಗೆ ಹೇಳಬ್ಯಾಡ, ನಿನ್ನ ಕಾಲು ಬೀಳ್ತೀನಿ. ಇವತ್ತೊಂದಿನ."

ನಾನು ಹೇಳಲಿಲ್ಲ. ಅವಳಿಗಾಗಿ ಸುಮ್ಮನಿದ್ದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಅವಳಿಲ್ಲದೆ ಆಡುವ ಧೈರ್ಯ ನಮಗಿರಲಿಲ್ಲ ಎಂಬುದು ಇನ್ನೊಂದು ಕಾರಣ.

ಕೊನೆಯ ಕ್ವಾರ್ಟರ್. ನಾವು ಒಂದು ಅಂಕ ಹಿಂದಿದ್ದೆವು. ಎರಡು ನಿಮಿಷ ಉಳಿದಿತ್ತು. ಓಡುವಾಗ ಒಮ್ಮೆ ಅವಳ ತೋಳು ನನ್ನ ತೋಳಿಗೆ ತಾಗಿತು. ನಾವೆಲ್ಲ ಬೆವರಿನಲ್ಲಿ ತೊಯ್ದುಹೋಗಿದ್ದರೆ ಅವಳ ಚರ್ಮ ಒಣಗಿತ್ತು, ಕಾದ ಹಂಚಿನಂತಿತ್ತು. ವಿಚಿತ್ರ ಅನ್ನಿಸಿತು. ಅಷ್ಟರಲ್ಲಿ ಚೆಂಡು ನನ್ನ ಕೈಗೆ ಬಂತು.

ಈ ಒಂದು ಕ್ಷಣವನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ನಾನು ಬುಟ್ಟಿಯ ಎಡಬದಿಗೆ ಆರೇಳು ಅಡಿ ದೂರದಲ್ಲಿದ್ದೆ. ಎದುರಿಗೆ ಯಾರೂ ಇರಲಿಲ್ಲ. ಎದುರಾಳಿಗಳಲ್ಲಿ ಮೂವರು ಹುಲಿಗೆಮ್ಮನನ್ನೇ ಸುತ್ತುವರಿದಿದ್ದರು, ನಾನು ಎಸೆಯುವವಳಲ್ಲ ಎಂದು ಅವರಿಗೂ ಗೊತ್ತಿತ್ತು. ಮೂವರ ತಲೆಯ ಮೇಲಿಂದ ಹುಲಿಗೆಮ್ಮನ ಬಲಗೈ ಮೇಲೆದ್ದಿತು. ಪ್ರೇಕ್ಷಕರು "ಹುಲಿಗಿ ಕೊಡಲೇ! ಹುಲಿಗಿ ಕೊಡು!" ಎಂದು ಕೂಗಿದರು. ನಾನು ಬಲವಾಗಿ ಎಸೆದೆ.

ಅವಳು ಹಿಡಿಯಲಿಲ್ಲ. ಚೆಂಡು ನೇರ ಎದೆಗೆ ಬಡಿಯಿತು. ಎತ್ತಿದ ಕೈ ಹಾಗೇ ಇತ್ತು. ಆಮೇಲೆ ಮೊಣಕಾಲು ಮಡಚಿ, ಪಕ್ಕಕ್ಕೆ ವಾಲಿ ಬಿದ್ದಳು. ಕಣ್ಣು ತೆರೆದೇ ಇತ್ತು, ಆದರೆ ನೋಡುತ್ತಿರಲಿಲ್ಲ. ಕೈಕಾಲು ಸೆಟೆದುಕೊಳ್ಳತೊಡಗಿದವು.

ಜನ ಮುತ್ತಿಕೊಂಡರು. "ಫಿಟ್ಸ್ ಬಂದೈತಿ, ಕೈಯಾಗ ಕಬ್ಬಿಣ ಕೊಡ್ರಿ" ಎಂದು ಯಾರೋ ಬೈಕಿನ ಕೀಲಿಕೈಯನ್ನು ಅವಳ ಮುಷ್ಟಿಗೆ ತುರುಕಿದರು. ಪಿ.ಡಿ. ಸರ್ "ಹುಲಿ, ಹುಲಿ" ಎಂದು ಕೆನ್ನೆ ತಟ್ಟುತ್ತಿದ್ದರು. ನಾನು ಇದ್ದಲ್ಲೇ ನಿಂತಿದ್ದೆ.

ಆಗ ಗೇಟಿನ ಹತ್ತಿರ ಕಬ್ಬಿನ ಹಾಲಿನ ಗಾಡಿ ಇಟ್ಟುಕೊಂಡಿದ್ದ ಚಾಚಾ ಜನರನ್ನು ಮೊಣಕೈಯಿಂದ ತಳ್ಳಿಕೊಂಡು ಬಂದರು. ಅವಳ ಹಣೆ ಮುಟ್ಟಿದವರೇ ಕೂಗಿದರು. "ಅರೇ, ಕೀಲಿಕೈ ತಗೊಂಡು ಏನು ಬಾಗಿಲು ತೆಗಿತೀರಿ? ಹುಡುಗಿಗೆ ಬಿಸಿಲು ಬಡದೈತಿ. ನೆಳ್ಳಿಗೆ ಎತ್ರಿ! ನೀರು ತರ್ರಿ!"

ಬೇವಿನ ಮರದ ಕೆಳಗೆ ಹೊತ್ತೊಯ್ದೆವು. ಚಾಚಾ ತಮ್ಮ ಗಾಡಿಯಲ್ಲಿದ್ದ ಮಂಜುಗಡ್ಡೆಯನ್ನು ಗೋಣಿಚೀಲ ಸಮೇತ ತಂದು ಒಡೆದು, ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ, ಕುತ್ತಿಗೆಗೆ ಇಡಿಸಿದರು. ನಾವು, ಎದುರಾಳಿ ತಂಡದವರು ಎಲ್ಲ ಸೇರಿ ಟ್ಯಾಂಕಿನಿಂದ ಮರದವರೆಗೆ ಸಾಲಾಗಿ ನಿಂತು ಬಕೆಟ್ ಕೈ ಬದಲಾಯಿಸಿದೆವು. ಅವಳ ತಾಯಿ ತಮ್ಮ ಸೆರಗನ್ನೇ ನೆನೆಸಿ ಮಗಳ ಮುಖ ಒರೆಸುತ್ತಿದ್ದರು. "ಯವ್ವಾ, ಕಣ್ಣು ಬಿಡವ್ವಾ, ಆಟ ಹಾಳಾಗ್ಲಿ" ಅನ್ನುತ್ತಿದ್ದರು.

ಗಾಡಿ ಸಿಕ್ಕು ಆಸ್ಪತ್ರೆ ಮುಟ್ಟಲು ಇಪ್ಪತ್ತು ನಿಮಿಷವಾಯಿತು. "ಮೈ ತಣ್ಣಗ ಮಾಡಿದವರು ಯಾರು? ಇಲ್ಲಂದ್ರ ನನ್ನ ಕೈಯಾಗ ಏನೂ ಇರ್ತಿದ್ದಿಲ್ಲ" ಎಂದು ಡಾಕ್ಟರಮ್ಮ ಹೇಳಿದರು.

ಮರುದಿನ ನಾವು ನಾಲ್ವರು ನೋಡಲು ಹೋದೆವು. ಹುಲಿಗೆಮ್ಮ ಎದ್ದು ಕುಳಿತಿದ್ದಳು, ತುಟಿ ಒಡೆದಿತ್ತು. ಆಯ್ಕೆಗಾರರು ಅವಳ ಹೆಸರು ಬರೆದುಕೊಳ್ಳದೆ ಹೋದದ್ದು ಅವಳಿಗಾಗಲೇ ಗೊತ್ತಿತ್ತು.

"ನಾ ಕೈ ಎತ್ತಿದ್ದು ಯಾರರ ನೋಡಿದ್ರೇನು?" ಎಂದು ಕೇಳಿದಳು.

ನಾವು ಮುಖ ಮುಖ ನೋಡಿಕೊಂಡೆವು.

"ಕಣ್ಣಿಗೆ ಕತ್ತಲಿ ಬಂತು. ಬಾಯಿಲೆ ಕೂಗಾಕ ಆಗ್ಲಿಲ್ಲ. ನನ್ನ ಹೊರಗ ಕರಕೊಳ್ರಿ ಅಂತ ಕೈ ಎತ್ತಿದೆ. ಆಮ್ಯಾಲ ಎದಿಗೆ ಏನೋ ಬಡದಂಗಾತು. ಒಬ್ಬರೂ ನೋಡಲಿಲ್ಲೇನ್ರಲೇ?"

ನಾನು ಬಾಯಿ ತೆರೆಯುವಷ್ಟರಲ್ಲಿ ಶಬಾನಾ ನನ್ನ ಕೈ ಒತ್ತಿ ಹಿಡಿದಳು. "ಯಾರೂ ನೋಡಲಿಲ್ಲವಾ. ಎಲ್ಲಾರೂ ಬುಟ್ಟಿ ಕಡೆ ನೋಡಾಕತ್ತಿದ್ವಿ. ಬಾಲು ಅವರ ಟೀಮಿನವರ ಕೈಯಾಗಿಂದ ಜಾರಿ ನಿನಗ ಬಡೀತು" ಎಂದಳು. ಉಳಿದ ಇಬ್ಬರು ಹೌದೆಂದು ತಲೆಯಾಡಿಸಿದರು. ಕೊನೆಗೆ ನಾನೂ ಆಡಿಸಿದೆ. ಒಂದು ಪಂದ್ಯದಲ್ಲೂ ನಮ್ಮನಮ್ಮಲ್ಲಿ ಮೂರು ಪಾಸ್ ನೆಟ್ಟಗೆ ಕೊಡದ ನಾವು ಆ ಸುಳ್ಳನ್ನು ಮಾತ್ರ ಕೈಯಿಂದ ಕೈಗೆ ಬೀಳಿಸದೆ ದಾಟಿಸಿದೆವು. ನನ್ನನ್ನು ಉಳಿಸಲೆಂದೇ ಅವರು ಹಾಗೆ ಮಾಡಿದ್ದು.

"ಹೌದಾ" ಎಂದಳು ಹುಲಿಗೆಮ್ಮ. ಗೋಡೆಯ ಕಡೆ ತಿರುಗಿ ಮಲಗಿದಳು.

ಪರೀಕ್ಷೆಗೆ ಬಂದಳು, ಬರೆದಳು, ಹೋದಳು. ಮತ್ತೆ ಚೆಂಡು ಮುಟ್ಟಲಿಲ್ಲ. ಸಿಂಧನೂರಿನ ಕಡೆ ಯಾವುದೋ ಶಾಲೆಯ ಆಫೀಸಿನಲ್ಲಿದ್ದಾಳೆ ಎಂದು ಕೇಳಿದ್ದೇನೆ. ಹಳೆಯ ನಂಬರಿಗೆ ಫೋನ್ ಮಾಡಿದರೆ ಬೇರೆ ಯಾರೋ ಎತ್ತುತ್ತಾರೆ.

ನಾನೀಗ ಬಳ್ಳಾರಿಯ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕುರುಗೋಡಿಗೆ ಬಸ್ ತಡವಾದರೆ ಸಂಜೆ ನಮ್ಮ ಹಳೆಯ ಕಾಲೇಜಿನ ಅಂಕಣಕ್ಕೆ ಹೋಗುತ್ತೇನೆ. ಹುಡುಗಿಯರ ಹತ್ತಿರ ಚೆಂಡು ಕೇಳಿ ಪಡೆದು, ಬುಟ್ಟಿಯ ಎಡಬದಿಗೆ ಆರೇಳು ಅಡಿ ದೂರ ನಿಂತು ಎಸೆಯುತ್ತೇನೆ. ಹತ್ತಕ್ಕೆ ಏಳು ಬೀಳುತ್ತವೆ. ಅವತ್ತೂ ಬೀಳುತ್ತಿತ್ತೇನೋ. ಬೀಳದಿದ್ದರೂ ಒಂದು ಪಂದ್ಯ ಹೋಗುತ್ತಿತ್ತು, ಅಷ್ಟೆ. ಅವಳ ಜೊತೆ ಒಂದೇ ಒಂದು ಆಟವನ್ನಾದರೂ ನಿಜವಾಗಿ ಆಡಬೇಕಿತ್ತು ಎಂದು ಈಗ ಬಹಳ ಅನ್ನಿಸುತ್ತದೆ. ಮೂರು ವರ್ಷ ಒಂದೇ ಅಂಕಣದಲ್ಲಿದ್ದೂ ನಾನು ಅವಳ ಜೊತೆ ಆಡಲೇ ಇಲ್ಲ.

ಅವಳು ಬಿದ್ದ ದೃಶ್ಯ ಈಗಲೂ ಕಣ್ಣ ಮುಂದೆ ಬರುತ್ತದೆ. ಆದರೆ ನಿದ್ದೆ ಕೆಡಿಸುವುದು ಗೋಡೆಯ ಕಡೆ ತಿರುಗಿದ ಆ ಬೆನ್ನು. ಅಷ್ಟು ಜನರ ನಡುವೆ ತನ್ನನ್ನು ಯಾರೂ ನೋಡಲಿಲ್ಲ ಎಂದು ನಂಬಿಕೊಂಡು ಅವಳು ಎಲ್ಲೋ ಬದುಕುತ್ತಿದ್ದಾಳೆ.

ಹುಲಿಗೆಮ್ಮಾ, ಇದನ್ನು ನೀನು ಓದಿದರೆ: ನಾನು ನೋಡಿದ್ದೆ. ನೋಡಿ, ತಪ್ಪಾಗಿ ತಿಳಿದುಕೊಂಡೆ. ಚೆಂಡು ಎಸೆದವಳು ನಾನೇ.