ನನ್ನನ್ನು ಕಾಯಿಸಿದ ಹೆಡ್‌ಮಾಸ್ತರರು

ಮೊನ್ನೆ ಊರಿನ ಶಾಲೆಯವರು ಹೊಸ ಶಿಕ್ಷಕಿಯನ್ನು ಆರಿಸಲು ನನ್ನನ್ನೂ ಕರೆದಿದ್ದರು. ನಿವೃತ್ತನಿಗೆ ಇಂಥ ಕರೆ ಬಂದರೆ ಎಂಥ ಹುರುಪೆಂದು ನಿಮಗೆ ಗೊತ್ತೇ ಇದೆ. ಎಲ್ಲರಿಗಿಂತ ಮೊದಲೇ ಹೋಗಿಬಿಟ್ಟೆ. ವರಾಂಡದಲ್ಲಿ ಒಬ್ಬ ಹುಡುಗಿ ಕಾಯುತ್ತ ಕುಳಿತಿದ್ದಳು. ಅವಳ ಸೀರೆಯಿಂದ ಗಂಜಿ ಹಾಕಿ ಇಸ್ತ್ರಿ ಮಾಡಿದ ವಾಸನೆ ಬಂತು ನೋಡಿ, ನಾನು ನಲವತ್ತರ ದಶಕದ ರಾಯಚೂರಿನಲ್ಲಿದ್ದೆ.

ಆಗ ನಾನು ಮಾನ್ವಿಯಲ್ಲಿ ಓದು ಮುಗಿಸಿ ಕೆಲಸವಿಲ್ಲದೆ ಕುಳಿತವನು. ಅವ್ವನಿಗೆ ಕಣ್ಣಿನ ಬೇನೆ; ರಾಯಚೂರಿನ ಡಾಕ್ಟರು ಮೇಲಿಂದ ಮೇಲೆ ಬಂದು ತೋರಿಸಬೇಕೆಂದಿದ್ದರು. ಅಲ್ಲಿಯ ಖಾಸಗಿ ಶಾಲೆಯೊಂದಕ್ಕೆ ಕನ್ನಡ ಮಾಸ್ತರು ಬೇಕೆಂದು ತಿಳಿದಾಗ, ಚೀಕಲಪರ್ವಿಯ ಸೋದರಮಾವನ ಕೋಟಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿ, ತೊಟ್ಟು ಹೊರಟೆ. ಮಾವ ನನ್ನ ಎರಡರಷ್ಟಿದ್ದ. ಕೋಟಿನೊಳಗೆ ನಾನೂ ಇದ್ದೇನೆಂದು ನೋಡಿದವರೇ ನಂಬಿಕೊಳ್ಳಬೇಕಿತ್ತು.

ಹೆಡ್‌ಮಾಸ್ತರರು ಕಪ್ಪು ಟೊಪ್ಪಿಗೆಯ ಬಿಗಿ ಮನುಷ್ಯ. ಅರ್ಧ ಕನ್ನಡ, ಅರ್ಧ ಉರ್ದುವಿನಲ್ಲಿ ಪ್ರಶ್ನೆ ಕೇಳಿದರು. ಆಮೇಲೆ ನನಗೆ ಪಾಠ ಮಾಡಲು ಹಚ್ಚಿ, ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಕುಳಿತರು. ನಿದ್ದೆ ಎಂದುಕೊಂಡೆ.

"ಆತು, ತಿಳಸ್ತೀವಿ" ಎಂದರು. ತಿಳಿಸಲಿಲ್ಲ. ಮತ್ತೆ ಕರೆಸಿದರು, ಮತ್ತೆ ಅದೇ ಮಾತು. ಮನೆಗೆ ಬಂದರೆ ಅವ್ವ, "ಏನಂದ್ರಪ್ಪಾ?" ಎನ್ನುವಳು. ನಾನು ಕೋಟು ಬಿಚ್ಚಿ ಗೂಟಕ್ಕೆ ಹಾಕುವೆ.

ಅಷ್ಟರಲ್ಲಿ ದೇವದುರ್ಗದ ಶಾಲೆಯವರು ಕೆಲಸ ಕೊಡುತ್ತೇವೆಂದರು. ರಾಯಚೂರಿನವರು ಇನ್ನೊಮ್ಮೆ ಕರೆಸಿದಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ: "ಸರ್, ದೇವದುರ್ಗದಾಗ ಕೆಲಸ ಕೊಡಾಕತ್ತಾರ. ಹೋಗಲ್ಯೋ, ಬಿಡಲ್ಯೋ?"

ಅವರು ಟೊಪ್ಪಿಗೆ ತೆಗೆದು ಮತ್ತೆ ಇಟ್ಟುಕೊಂಡರು. "ಅದನ್ನ ನಾ ಹ್ಯಾಂಗ ಹೇಳಲ್ರಿ? ನಿಮಗ ತಿಳದಂಗ ಮಾಡ್ರಿ."

ನನಗೆ ತಿಳಿದದ್ದು ಒಂದೇ: ಇವರಿಗೆ ನಾನು ಬೇಕಾಗಿಲ್ಲ. ದೇವದುರ್ಗ ಸೇರಿದೆ. ಅಲ್ಲಿಂದ ಅವ್ವನನ್ನು ರಾಯಚೂರಿಗೆ ಕರೆದೊಯ್ಯುವುದೆಂದರೆ ರಜೆ ಬೇಕು, ಬಸ್ಸು ಸಿಗಬೇಕು. "ಮುಂದಿನ ತಿಂಗಳ ನೋಡೂಣು ಬಿಡಪ್ಪಾ" ಎಂದು ಅವಳೇ ದೂಡುತ್ತ ಬಂದಳು. ಹಾಗೆ ದೂಡುತ್ತಲೇ ನಮ್ಮನ್ನೆಲ್ಲ ದನಿಯ ಮೇಲೆ ಗುರುತು ಹಿಡಿಯತೊಡಗಿದಳು.

ಮರುವರ್ಷ ಜಾಲಹಳ್ಳಿಯ ಒಂದು ಮದುವೆಯ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಅದೇ ಹೆಡ್‌ಮಾಸ್ತರರು ಬಂದು ಕುಳಿತರು. ಗುರುತು ಹಿಡಿದರು.

"ಯಾಕ ಅಷ್ಟ ಅವಸರ ಮಾಡಿದ್ರಿ? ಕಮಿಟಿಯಾಗ ಒಬ್ಬರು ನಿಮ್ಮನ್ನ ಬ್ಯಾಡಂತಿದ್ರು. ಅವರ ಮನಿಗೆ ಅಡ್ಡಾಡಿ ಅಡ್ಡಾಡಿ ಒಪ್ಪಿಸಿದೆ. ಅಷ್ಟೊತ್ತಿಗೆ ನೀವು ದೇವದುರ್ಗ ಸೇರಿದ್ರಿ."

"ನನಗೊಂದು ಮಾತು ಹೇಳಬೇಕಿತ್ತಲ್ರಿ, ಸರ್."

"ಹೇಳಿ, ಕೆಲಸ ಆಗಲಿಲ್ಲಂದ್ರ? ನನ್ನ ಮಾತು ನಂಬಿ ಕೈಯಾಗಿಂದೂ ಕಳಕೊಂತೀರಿ ಅಂತ ಅಂಜಿದೆ." ಅನ್ನ ಕಲಸುತ್ತ ಮೆಲ್ಲಗೆ ಅಂದರು, "ನಿಮ್ಮ ಪಾಠ ಇನ್ನೂ ಕಿವ್ಯಾಗ ಅದ." ಆಮೇಲೆ, "ಮನ್ಯಾಗ ತಾಯಿಯವರು ಆರಾಮ?" ಎಂದು ಕೇಳಿದರು.

"ಆರಾಮದಾರ್ರಿ" ಎಂದೆ. ಆ ಒಳ್ಳೆಯ ಮನುಷ್ಯನಿಗೆ ಬೇರೇನು ಹೇಳಲಿ?

ಮೊನ್ನೆ ಆ ಹುಡುಗಿಯ ಪಾಠ ಚೆನ್ನಾಗಿತ್ತು. ತಿಳಿಸುತ್ತೇವೆಂದು ಕಮಿಟಿಯವರು ಕಳಿಸಿದರು. ನಾನು ಹಿಂದೆಯೇ ಎದ್ದು ಹೋಗಿ, "ಯವ್ವಾ, ನೀ ಬೇಕಂತ ನಾ ಅಂದೀನಿ. ಉಳದವರು ಇನ್ನೂ ಒಪ್ಪಿಲ್ಲ. ಸೋಮವಾರ ಗೊತ್ತಾಗ್ತದ. ಬ್ಯಾರೆ ಕೆಲಸ ಸಿಕ್ಕಿದ್ರ ಬಿಡಬ್ಯಾಡ" ಎಂದೆ.

ಭಾನುವಾರ ಅವಳು ಮನೆ ಹುಡುಕಿಕೊಂಡು ಬಂದಳು. "ಬ್ಯಾರೆ ಕಡೆ ಸೇರಾಕತ್ತೀನ್ರಿ, ಸರ್. ನೀವು ಬಾಯಿಬಿಟ್ಟು ಹೇಳಿದ್ರಿ, ನಾನೂ ಹೇಳಿ ಹೋಗಬೇಕಂತ ಬಂದೆ."

ಒಳ್ಳೆಯ ಶಿಕ್ಷಕಿ ಕೈಬಿಟ್ಟು ಹೋದಳು. ನಾನು ಬಾಯಿ ತೆರೆಯಬಾರದಿತ್ತೆಂದು ಕಮಿಟಿಯವರು ಮುನಿಸಿಕೊಂಡಿದ್ದಾರೆ. ಇರಬಹುದು. ಅವತ್ತು ಅವಳ ಜೊತೆ ಬಸ್‌ಸ್ಟ್ಯಾಂಡಿನವರೆಗೆ ನಡೆದೆ. ದಾರಿಯುದ್ದಕ್ಕೂ ಅವಳು ಹೊಸ ಊರಿನ ಮಾತೇ ಆಡಿದಳು. ನಾನು ಹೂಂಗುಟ್ಟುತ್ತ ಹೋದೆ.