ಪಂಥ ಬಿಡುವ ಪತ್ರ

ಆಗ ನಾನು ರಾಯಬಾಗದ ತಹಶೀಲ್ದಾರ್ ಕಚೇರಿ ಎದುರು ಟೈಪಿಂಗ್ ಮಾಡುತ್ತಿದ್ದೆ. ಒಂದು ದಿನ, ದಲಿತರ ಹಕ್ಕಿಗಾಗಿ ಹೋರಾಡುತ್ತಿದ್ದ ಮಾಸ್ತರರೊಬ್ಬರು ಬಂದು, ತಾವು ಇಪ್ಪತ್ತು ವರ್ಷ ಇದ್ದ ಭಜನಾ ಪಂಥವನ್ನು ಬಿಡುವ ಪತ್ರ ಟೈಪ್ ಮಾಡಲು ಹೇಳಿದರು. ನಾನೂ ಅದೇ ಪಂಥದವನು, ಬೆರಳು ಓಡಲಿಲ್ಲ.

“ಯಾಕ್ರೀ ಸರ?” ಎಂದೆ.

“ಪ್ರಸಾದಕ್ಕ ನಮ್ಮ ಮಂದೀನ ಇನ್ನೂ ಬ್ಯಾರೆ ಸಾಲಿನ್ಯಾಗ ಕುಂದರಸ್ತಾರ. ಕೇಳಿದ್ರ, ಭಜನಿ ಮಾಡು, ಜಗಳ ಬ್ಯಾಡ ಅಂತಾರ. ನೀವೂ ನೋಡೀರಲ್ಲ?”

ನೋಡಿದ್ದೆ. ಸುಮ್ಮನೆ ಉಂಡು ಬಂದಿದ್ದೆ.

ನಾಚಿಕೆಯಾಗಿ ಪತ್ರದಲ್ಲಿ ನಾಲ್ಕು ಕಟುಮಾತು ಸೇರಿಸಿದೆ. ಅವರು ಓದಿ ತೆಗೆಸಿದರು. “ನನಗ ಓದಾಕ ಕಲಿಸಿದವ್ರು ಈ ಪಂಥದ ಗುರುಗಳ ಅದಾರ್ರಿ. ಕಡೀಕ ನಮಸ್ಕಾರ ಅಂತ ಹಾಕ್ರಿ.” ಸಹಿ ಮಾಡಿ, ಹಗುರಾಗಿ ನಕ್ಕು ಹೋದರು.

ಮುಂದಿನ ಪ್ರಸಾದದ ದಿನ ನಾನು ಆ ಬೇರೆ ಸಾಲಿನಲ್ಲಿ ಹೋಗಿ ಕುಳಿತೆ. ಬಡಿಸುವವರು ತಬ್ಬಿಬ್ಬಾಗಿ ನನಗೆ ಎರಡೆರಡು ಸಲ ಹುಗ್ಗಿ ಹಾಕಿದರು. ನಾನೂ ಬೇಡ ಎನ್ನಲಿಲ್ಲ.